ಮಧ್ಯಾಹ್ನದ ಕೂ

ಇದಕ್ಕೆ ನಮ್ಮ ತೋಟದ ಇಪ್ಪತ್ತು ಆಳುಗಳು ಸಾಕ್ಷಿ. ಚೆಟ್ಟಳ್ಳಿಯ ನಮ್ಮ ತೋಟದಲ್ಲಿ ಊಟಕ್ಕೆ ಗಂಟೆ ಬಾರಿಸುವ ರೂಢಿಯಿಲ್ಲ. ನನ್ನ ಗಂಡ ಪೊನ್ನಪ್ಪ ಅಂಗಳದಲ್ಲಿ ನಿಂತು ಎರಡು ಗಿಡ್ಡ, ಒಂದು ಉದ್ದ 'ಕೂ' ಹಾಕುತ್ತಿದ್ದರು. ಕಾಫಿ ಕುಯ್ಯುವವರು ಚೀಲ ಬಿಟ್ಟು ಬರುತ್ತಿದ್ದರು.

ಕಳೆದ ವರ್ಷ ಕುಯ್ಲಿಗೆ ಮುಂಚೆ ನಾವಿಬ್ಬರೂ ಸ್ವಿಟ್ಜರ್ಲೆಂಡ್ ನೋಡಲು ಹೋದೆವು. ಹಿಮದ ಕಣಿವೆಯೊಂದರ ಅಂಚಿನಲ್ಲಿ ನಮ್ಮ ಬಸ್ಸಿನವರೆಲ್ಲ ನಿಂತು ಕೂಗುತ್ತಿದ್ದರು. ಯಾರೇ ಕೂಗಲಿ, ದನಿ ಎದುರು ಬೆಟ್ಟಕ್ಕೆ ತಾಗಿ ಎರಡು ಸಲ ಮರಳುತ್ತಿತ್ತು. ಇವರೂ ತಮ್ಮ ಊಟದ ಕೂ ಹಾಕಿದರು. ಏನೂ ಮರಳಲಿಲ್ಲ. ಪಕ್ಕದ ಹೆಂಗಸು ಮೆಲ್ಲಗೆ ಕೂಗಿದಳು. ಎರಡು ಸಲ ಬಂತು.

"ನಂದೆಲ್ಲಿಗೆ ಹೋಯ್ತು ಮಾರಾಯ್ತಿ?" ಎಂದು ನಕ್ಕರು. ನಗು ಮುಗಿಯುವಷ್ಟರಲ್ಲಿ ಗಂಟಲು ಕಟ್ಟಿತ್ತು. ಮುಟ್ಟಿ ನೋಡಿದೆ, ಮೈ ಬೆಚ್ಚಗಿತ್ತು, ಕತ್ತು ಮಾತ್ರ ತಣ್ಣಗೆ ಕೊರೆಯುತ್ತಿತ್ತು. ಊರಿಗೆ ಬಂದ ಮೇಲೂ ಬರೀ ಪಿಸುಮಾತು. ತೋಟದ ಲೆಕ್ಕ ಬರೆಯುವ ರೈಟರ್ ಶೇಷಪ್ಪ ತಟ್ಟೆ ಬಡಿದು ಆಳುಗಳನ್ನು ಕರೆಯತೊಡಗಿದ.

ಒಂದು ದಿನ ಹನ್ನೊಂದೂವರೆಗೆ ಇವರು ವರಾಂಡದಲ್ಲಿ ಕಂಬಳಿ ಹೊದ್ದು ಹಬೆ ತೆಗೆದುಕೊಳ್ಳುತ್ತಿದ್ದರು. ನಾನು ಪಾತ್ರೆ ಹಿಡಿದಿದ್ದೆ. ತೋಟದಂಚಿನಲ್ಲಿ ಹರಿಯುವ ತೋಡಿನಾಚೆಯಿಂದ ಕೂ ಕೇಳಿತು. ಎರಡು ಗಿಡ್ಡ, ಒಂದು ಉದ್ದ. ಆಳುಗಳೆಲ್ಲ ಅಂಗಳಕ್ಕೆ ಬಂದರು.

"ಸಾವ್ಕಾರ್ರ ಗಂಟ್ಲು ಸರಿಯಾಯ್ತಲ್ಲ ಅಮ್ಮ. ಇವತ್ತೇನು ಇಷ್ಟು ಬೇಗ ಕರ್ದ್ರು?" ಎಂದ ಶೇಷಪ್ಪ.

ಇವರು ಕಂಬಳಿ ಸರಿಸಿ ಬಾಯಿ ತೆರೆದರು. ಪಿಸುಮಾತೂ ಹೊರಡಲಿಲ್ಲ.

ಇದಾಗಿ ನಾಲ್ಕು ತಿಂಗಳು. ಡಾಕ್ಟರಿಗೆ ಗಂಟಲಲ್ಲಿ ಏನೂ ಕಂಡಿಲ್ಲ. ಮಧ್ಯಾಹ್ನವಾಗುತ್ತಿದ್ದಂತೆ ಇವರು ತೋಡಿನ ಕಡೆ ಕಿವಿಗೊಟ್ಟು ಕೂರುತ್ತಾರೆ. ಆ ಬೆಟ್ಟ ಎಲ್ಲರ ಕೂಗನ್ನೂ ಎರಡು ಸಲ ಮರಳಿಸಿತ್ತು. ಇವರದು ಈವರೆಗೆ ಒಂದೇ ಸಲ ಬಂದಿದೆ.