ಎರಡು ಮಿಂಚುಳ್ಳಿಗಳು

"ಈ ಪಟ್ಟಿ ಬರೆದೋರು ಯಾರು?"

ಆ ಅಬ್ಬರಕ್ಕೆ ಇಡೀ ರಿಪೇರಿ ಕೇಂದ್ರವೇ ತಲೆಯೆತ್ತಿತು. ಬೆಸುಗೆ ಹಾಕುತ್ತಿದ್ದ, ಎಲ್ಲರೂ ದೊಡ್ಡಪ್ಪ ಎನ್ನುವ ಹಿರಿಯರ ಕೈ ಅರ್ಧಕ್ಕೇ ನಿಂತಿತು.

ಬಾಗಿಲಲ್ಲಿ ನಿಂತಿದ್ದವನು ನೀಲಿ ಅಂಗಿಯ ಲಿಫ್ಟ್ ಮೆಕ್ಯಾನಿಕ್. ಒಂದು ಕೈಯಲ್ಲಿ ಮಡಿಸಿದ ಹಾಳೆ. ಇನ್ನೊಂದು ಕೈಯಲ್ಲಿ ಹೆಬ್ಬೆರಳಿನಷ್ಟು ಉದ್ದದ, ಒಂದು ಬದಿ ಕರಗಿಹೋದ ಕಪ್ಪು ವಸ್ತು.

"ನಾನೇ..." ಎಂದಳು ಮೂಲೆಯ ಕಂಪ್ಯೂಟರಿನ ಮುಂದೆ ಕೂತಿದ್ದ ಅವಳು.

"ಏನು? ಜೋರಾಗಿ ಹೇಳಿ! ನಿಮ್ಮ ಪಟ್ಟಿ ನಂಬಿದ್ದಕ್ಕೆ ನನ್ನ ಕಿವಿ ಸುಟ್ಟುಹೋಯ್ತು ನೋಡಿ!"

ಅವನು ಆ ವಸ್ತುವನ್ನು ಅವಳ ಮೇಜಿನ ಮೇಲೆ ಇಟ್ಟ. ಕಿವಿ ಕೇಳಿಸಲೆಂದು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವ ಯಂತ್ರ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಆರಿರಲಿಲ್ಲ.

ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು.

ಹನ್ನೊಂದು ವರ್ಷದಿಂದ ಅವಳು ಮಾಡುತ್ತಿದ್ದದ್ದು ಅದೊಂದೇ ಕೆಲಸ. ಕಂಪ್ಯೂಟರ್ ಚಿಪ್ ಒಂದು ಮಾರುಕಟ್ಟೆಗೆ ಬರುವ ಮೊದಲು ಎಂಜಿನಿಯರುಗಳು ಅದಕ್ಕೊಂದು ಗುಟ್ಟಿನ ಹೆಸರಿಡುತ್ತಾರೆ. ನದಿಯದ್ದೋ, ಹಕ್ಕಿಯದ್ದೋ. ಆಮೇಲೆ ಅದು ಬೇರೇನೋ ಸಂಖ್ಯೆ ಹೊತ್ತು ಮಾರಾಟವಾಗುತ್ತದೆ. ಆದರೆ ಹಳೆಯ ಯಂತ್ರಗಳ ಕೈಪಿಡಿಯಲ್ಲಿ ಎಷ್ಟೋ ಸಲ ಉಳಿದಿರುವುದು ಆ ಗುಟ್ಟಿನ ಹೆಸರು ಮಾತ್ರ. ಯಾವ ಹೆಸರು ಯಾವ ಚಿಪ್ಪಿನದು, ಮಾಡಿದವರು ಯಾರು, ಕೆಟ್ಟರೆ ಬದಲಿಗೆ ಯಾವುದು... ನಾಲ್ಕು ಸಾವಿರಕ್ಕೂ ಹೆಚ್ಚು ಹೆಸರುಗಳ ಪಟ್ಟಿ ಅವಳದು. ರಿಪೇರಿ ಮಾಡುವವರೆಲ್ಲ ಕಣ್ಣುಮುಚ್ಚಿ ನಂಬುತ್ತಿದ್ದರು. ಕೇಂದ್ರದಲ್ಲಿ ಅವಳ ಹೆಸರೇ ಪಟ್ಟಿಯಮ್ಮ.

"ಒಂದು ನಿಮಿಷ ಕೂತ್ಕೊಳ್ಳಿ" ಎಂದು ಹುಡುಕತೊಡಗಿದಳು.

ಮಿಂಚುಳ್ಳಿ. ಅವನ ಯಂತ್ರದ ಚಿಪ್ಪಿನ ಹೆಸರು. ಪಟ್ಟಿಯಲ್ಲಿ ಒಂದೇ ಒಂದು ಸಾಲು.

ಸಂಜೆಯಾಗುವಷ್ಟರಲ್ಲಿ ಅವಳಿಗೆ ಗೊತ್ತಾಯಿತು. ಮಿಂಚುಳ್ಳಿ ಎಂಬ ಹೆಸರಿನ ಚಿಪ್ಪುಗಳು ಎರಡಿದ್ದವು! ಬೇರೆ ಬೇರೆ ಕಂಪನಿ, ಬೇರೆ ಬೇರೆ ವೋಲ್ಟೇಜು. ಒಂದಕ್ಕೆ ಹಾಕಬೇಕಾದ ಬದಲಿ ಚಿಪ್ಪನ್ನು ಇನ್ನೊಂದರ ಜಾಗದಲ್ಲಿ ಹಾಕಿದ್ದರು. ಹಾಕಿದವರ ತಪ್ಪಲ್ಲ. ಯಾವ ಹೆಸರನ್ನೂ ಎರಡು ಕಡೆ ಖಚಿತಪಡಿಸಿಕೊಳ್ಳದೆ ಬರೆಯಬಾರದು ಎಂಬುದು ಅವಳದೇ ನಿಯಮ. ಮಿಂಚುಳ್ಳಿಯನ್ನು ಬರೆದ ದಿನ ಮಾತ್ರ ಒಂದೇ ಕಡೆ ನೋಡಿದ್ದಳು. ಯಾಕೆ ಅಷ್ಟು ಅವಸರ ಮಾಡಿದೆ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

"ತಪ್ಪು ನಂದೇ" ಎಂದಳು, ಅವನ ಮುಖ ನೋಡಲಾಗದೆ.

ಬೈಗುಳಕ್ಕೆ ಕಾದಳು. ಅವನು ಬೈಯಲಿಲ್ಲ. ಕಿವಿಯ ಹಿಂದೆ ಗೊರಗುಟ್ಟುತ್ತಿದ್ದ ಇನ್ನೊಂದು ಹಳೆಯ ಯಂತ್ರವನ್ನು ಬೆರಳಿನಿಂದ ತಟ್ಟಿ ಹೇಳಿದ, "ಸ್ಪೇರ್ ಇದೊಂದೇ ಉಳಿದಿರೋದು. ಎಷ್ಟು ದಿನ ಬರುತ್ತೋ..."

ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಬಂದ ಮೆದುಳು ಜ್ವರ ಅವನ ಕಿವಿಗಳನ್ನು ಕೊಂಡೊಯ್ದಿತ್ತು. ತಲೆಯೊಳಗೆ ಕೂರಿಸಿದ ಒಂದು ತುಂಡು, ಅದಕ್ಕೆ ಸದ್ದು ಮುಟ್ಟಿಸಲು ಹೊರಗೆ ಈ ಯಂತ್ರ; ಒಂದಿಲ್ಲದೆ ಇನ್ನೊಂದು ಕೆಲಸ ಮಾಡದು. ಒಳಗಿನದನ್ನು ತೆಗೆದು ಹೊಸದು ಹಾಕಲು ಸಾಧ್ಯವಿಲ್ಲ, ಸುತ್ತ ಮೂಳೆ ಬೆಳೆದಿದೆ ಎಂದು ಡಾಕ್ಟರು ಎರಡೆರಡು ಬಾರಿ ಹೇಳಿದ್ದರು. ಯಂತ್ರ ಮಾಡುತ್ತಿದ್ದ ಕಂಪನಿ ಮುಚ್ಚಿ ವರ್ಷಗಳೇ ಆಗಿದ್ದವು. ಅವನ ಕೆಲಸವೋ, ಮೋಟರಿನ ಸದ್ದು ಕೇಳಿಯೇ ಲಿಫ್ಟಿನ ರೋಗ ಹೇಳುವಂಥದ್ದು!

"ಸರಿಯಾದ ಚಿಪ್ಪು ನಾನು ಹುಡುಕ್ತೀನಿ. ಎಲ್ಲಾದ್ರೂ ಒಂದು ಸಿಕ್ಕೇ ಸಿಗುತ್ತೆ" ಎಂದಳು.

ಅಂದೇ ಪಟ್ಟಿಯಲ್ಲಿ ಒಂದು ಮಿಂಚುಳ್ಳಿ ಎರಡಾಯಿತು. ಅವನ ಯಂತ್ರದ್ದಾದ ಎರಡನೆಯದರ ಮುಂದೆ, 'ಬದಲಿ' ಎಂಬ ಜಾಗವನ್ನು ಖಾಲಿ ಬಿಟ್ಟಳು.

ಅವನು ಪ್ರತಿ ಶನಿವಾರ ಮಧ್ಯಾಹ್ನ ಬರತೊಡಗಿದ. ಮೊದಮೊದಲು "ಸಿಕ್ತಾ?" ಎಂದು ಕೇಳಲು. ಆಮೇಲಾಮೇಲೆ ಕೇಳುವುದನ್ನೇ ಮರೆತು ಕುರ್ಚಿ ಎಳೆದುಕೊಂಡು ಕೂರುತ್ತಿದ್ದ.

"ನನ್ನ ದನಿ ನಿಮಗೆ ಹೇಗೆ ಕೇಳಿಸುತ್ತೆ?" ಒಮ್ಮೆ ಕೇಳಿದಳು.

"ತಗಡಿನ ಡಬ್ಬಿಯೊಳಗೆ ಕೂತು ಮಾತಾಡಿದ ಹಾಗೆ."

"ಥೂ!"

"ಬೇರೆಯವರದ್ದು ಡಬ್ಬಿ ಬಡಿದ ಹಾಗೆ ಕೇಳಿಸುತ್ತೆ. ನೀವೊಬ್ಬರೇ ಒಳಗೆ ಕೂತಿರೋದು."

ಅವಳು ನಕ್ಕಳು. ಆಮೇಲೆ ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಆ ಮಾತನ್ನೇ ಇಪ್ಪತ್ತು ಸಲ ನೆನೆಸಿಕೊಂಡಳು. ಮೂವತ್ತೈದು ದಾಟಿದ ಮೇಲೆ ಇದೇನಿದು ಹುಚ್ಚು?

"ಮುಖದಲ್ಲೇನೋ ಕಳೆ ಬಂದಿದೆ" ಎಂದರು ಅಮ್ಮ. "ಚಿಪ್ಪು ಚಿಪ್ಪು ಅಂತ ಕೂತು ಕೊನೆಗೆ ಕೈಗೂ ಚಿಪ್ಪೇ ಬರುತ್ತೇನೋ ಅಂದ್ಕೊಂಡಿದ್ದೆ ಕಣೇ!"

"ಸುಮ್ನಿರಮ್ಮಾ..."

ಅವಳು ನಲವತ್ತು ಕಡೆಗೆ ಪತ್ರ ಬರೆದಳು. ಮುಚ್ಚಿದ ಕಾರ್ಖಾನೆಗಳಿಗೆ, ನಿವೃತ್ತ ಎಂಜಿನಿಯರುಗಳಿಗೆ, ಗುಜರಿಯವರಿಗೆ. ಮೂವತ್ತೊಂದು ಉತ್ತರ ಬಂದವು. ಎಲ್ಲವೂ ಇಲ್ಲ, ಇಲ್ಲ, ಇಲ್ಲ.

ಅವನ ಸ್ಪೇರ್ ಯಂತ್ರ ಈಗ ಮಾತಿನ ನಡುನಡುವೆ ಕೈಕೊಡುತ್ತಿತ್ತು. ಅವಳು ಅರ್ಧ ವಾಕ್ಯ ಹೇಳಿ, ಅವನ ಕಣ್ಣು ತನ್ನ ತುಟಿಗೆ ಇಳಿದದ್ದು ಕಂಡು, ಮತ್ತೆ ಮೊದಲಿನಿಂದ ಹೇಳುತ್ತಿದ್ದಳು.

ಒಂದು ಶನಿವಾರ ದೊಡ್ಡಪ್ಪ ಕಾಲೆಳೆದರು. "ಏನು ಪಟ್ಟಿಯಮ್ಮ, ಗಡಿಯಾರ ನೋಡಿ ನೋಡಿ ಸವೆದೇ ಹೋಯ್ತು! ಲಿಫ್ಟು ಮೇಲಕ್ಕೆ ಹೊರಟ ಹಾಗಿದೆ?"

ನಾಚಿಕೆಗೆ ಅವಳ ಕಿವಿ ಬಿಸಿಯಾಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು. "ಅಯ್ಯೋ, ಅದೇನೂ ಇಲ್ಲ ದೊಡ್ಡಪ್ಪ. ಪಾಪ ಅಂತ ಅಷ್ಟೇ. ನನ್ನ ತಪ್ಪಿಗೆ ನಾನು ಮಾಡ್ತಿದೀನಿ."

ದೊಡ್ಡಪ್ಪನ ನಗು ಆರಿತು. ಅವಳು ತಿರುಗಿ ನೋಡಿದಳು.

ಅವನು ಬಾಗಿಲಲ್ಲಿ ನಿಂತಿದ್ದ!

ವಾರವಿಡೀ ಗೊರಗುಟ್ಟುತ್ತಿದ್ದ ಆ ಹಾಳು ಯಂತ್ರ, ಕೇಳಿಸಬಾರದ ಆ ಒಂದು ಮಾತನ್ನು ಅಚ್ಚುಕಟ್ಟಾಗಿ ಕೇಳಿಸಿತ್ತು.

"ರೀ... ಹಾಗಲ್ಲ..."

"ಪರವಾಗಿಲ್ಲ" ಎಂದ, ತೀರಾ ಮೆಲ್ಲಗೆ. "ನಿಮ್ಮ ತಪ್ಪನ್ನ ನಾನು ಯಾವತ್ತೋ ಮನ್ನಿಸಿದೀನಿ. ಇನ್ಮೇಲೆ ತೊಂದರೆ ತಗೋಬೇಡಿ."

ಅವನು ಮೆಟ್ಟಿಲಿಳಿಯುವಾಗ ಅವಳು ಹಿಂದಿನಿಂದ ಎರಡು ಬಾರಿ ಕೂಗಿದಳು. ಯಂತ್ರ ಆಗ ಕೈಕೊಟ್ಟಿತ್ತೋ, ಅವನೇ ತಿರುಗಲಿಲ್ಲವೋ... ಗೊತ್ತಾಗಲಿಲ್ಲ.

ಮುಂದಿನ ಶನಿವಾರ ಕುರ್ಚಿ ಖಾಲಿ. ಅದರ ಮುಂದಿನದೂ ಖಾಲಿ. ಎಂಟು ಬಾರಿ ಮೆಸೇಜು ಬರೆದು ಅಳಿಸಿದಳು. 'ಪಾಪ ಅಂತಲ್ಲ, ಪ್ರೀತಿ' ಎಂದು ಫೋನಿನಲ್ಲಿ ಬರೆಯುವುದು ಹೇಗೆ? ಕೈಯಲ್ಲಿ ಆ ಚಿಪ್ಪನ್ನು ಹಿಡಿದು ಹೋದರೆ ಆಗ ಅವನು ಕೇಳಿಸಿಕೊಳ್ಳುತ್ತಾನೆ. ಎರಡೂ ಅರ್ಥದಲ್ಲಿ!

ಐದನೆಯ ವಾರ ನಿವೃತ್ತ ಎಂಜಿನಿಯರೊಬ್ಬರಿಂದ ಒಂದು ಪೊಟ್ಟಣ ಬಂತು. ಮುಚ್ಚಿದ ಪ್ರಯೋಗಾಲಯವೊಂದರ ಡ್ರಾಯರಿನಲ್ಲಿ ಸಿಕ್ಕಿದ್ದಂತೆ. ಒಳಗೆ ಮೂರು ಚಿಪ್ಪುಗಳು. ಎರಡನೆಯ ಮಿಂಚುಳ್ಳಿಯೇ! ಅವಳು ಒಂದಲ್ಲ, ನಾಲ್ಕು ಕಡೆ ಖಚಿತಪಡಿಸಿಕೊಂಡಳು.

"ದೊಡ್ಡಪ್ಪಾ! ಬೇಗ ಬನ್ನಿ!"

ದೊಡ್ಡಪ್ಪ ಭೂತಗನ್ನಡಿ ಕಣ್ಣಿಗೆ ಹಿಡಿದು ಒಂದೊಂದನ್ನೇ ತಿರುಗಿಸಿ ನೋಡಿದರು. ಚಿಪ್ಪುಗಳ ಲೋಹದ ಕಾಲುಗಳಿಗೆ ಹಸಿರು ಕಿಲುಬು. ಮೀಟರಿಗೆ ಜೋಡಿಸಿ ನೋಡಿದರೆ ಮೊದಲನೆಯದಕ್ಕೆ ಜೀವವಿರಲಿಲ್ಲ. ಎರಡನೆಯದಕ್ಕೂ. ಮೂರನೆಯದು ಎರಡು ಸೆಕೆಂಡು ಉಸಿರಾಡಿತು. ಮೀಟರಿನ ಮುಳ್ಳು ಮೇಲೆದ್ದಿತು. ಅವಳು ದೊಡ್ಡಪ್ಪನ ತೋಳು ಗಟ್ಟಿಯಾಗಿ ಹಿಡಿದಳು.

ಮುಳ್ಳು ಬಿತ್ತು. ಮತ್ತೆ ಏಳಲಿಲ್ಲ.

"ನೀರು ಹೊಕ್ಕಿದೆ ಮಗಾ" ಎಂದರು ದೊಡ್ಡಪ್ಪ. "ಇದರಲ್ಲಿ ಏನೂ ಉಳಿದಿಲ್ಲ."

ಗುರುವಾರ ಬೆಳಿಗ್ಗೆ ಅವಳು ಪಟ್ಟಿ ತೆರೆದು ಕೂತಳು. ಖಾಲಿ ಬಿಟ್ಟಿದ್ದರೆ ಇನ್ಯಾರೋ ಎಲ್ಲೋ ಸಿಗುತ್ತದೆಂದು ನಂಬಿ ಅಲೆಯುತ್ತಾರೆ. ಇನ್ನೊಮ್ಮೆ ಸುಳ್ಳು ಹೇಳುವ ಹಕ್ಕು ಅವಳಿಗಿರಲಿಲ್ಲ. 'ಬದಲಿ' ಎಂಬಲ್ಲಿ ಎರಡೇ ಅಕ್ಷರ ಬರೆದಳು. ಇಲ್ಲ.

ಬರೆದು ಎದ್ದು, ಬ್ಯಾಗನ್ನೂ ತೆಗೆದುಕೊಳ್ಳದೆ, ನೇರ ಅವನ ಮನೆಗೆ ಹೊರಟಳು.

ಬಾಗಿಲು ತೆರೆದದ್ದು ಅವನ ಅಕ್ಕ. "ನೀವೇ ಪಟ್ಟಿಯವರಾ?" ಎಂದು ನೋಡುತ್ತಲೇ ಕಣ್ಣು ತುಂಬಿಕೊಂಡರು. "ಮಂಗಳವಾರದಿಂದ ಯಂತ್ರ ಪೂರ್ತಿ ನಿಂತೋಗಿದೆ ಕಣಮ್ಮ. ನಿನ್ನೆ ಕೆಲಸ ಕೊಟ್ಟೋರೂ ಇನ್ನು ಬರೋದು ಬೇಡ ಅಂದ್ರು. ಮೇಲಿಂದ ಒಬ್ಬ ಕೂಗಿದ್ದು ಕೇಳದೆ ಲಿಫ್ಟಿನ ಗುಂಡಿಯೊಳಗೇ ನಿಂತಿದ್ದನಂತೆ. ಕೂದಲೆಳೆಯಲ್ಲಿ ಉಳಿದ."

ಅವನು ಒಳಕೋಣೆಯಲ್ಲಿ, ಕಿಟಕಿಗೆ ಬೆನ್ನು ಹಾಕಿ ಕೂತಿದ್ದ. ಕಿವಿಯ ಹಿಂದೆ ಏನೂ ಇರಲಿಲ್ಲ. ಅವಳನ್ನು ಕಂಡು ಎದ್ದು ನಿಂತ.

"ನೋಡಿದೆ" ಎಂದ. ದನಿ ಎಷ್ಟು ಜೋರಾಗಿದೆಯೆಂದು ಅವನಿಗೇ ಗೊತ್ತಾಗುತ್ತಿರಲಿಲ್ಲ. "ದಿನಾ ಫೋನಲ್ಲಿ ನಿಮ್ಮ ಪಟ್ಟಿ ತೆಗೆದು ನೋಡ್ತೀನಿ. ಇವತ್ತು 'ಇಲ್ಲ' ಅಂತ ಬಂತು. ಅದನ್ನ ಬರೆಯೋಕೆ ನಿಮಗೆ ಎಷ್ಟು ಕಷ್ಟ ಆಗಿರಬೇಕು ಅಂತ ಯೋಚಿಸ್ತಿದ್ದೆ."

ಅವಳಿಗೆ ತಡೆಯಲಾಗಲಿಲ್ಲ. ಅಲ್ಲೇ ಬಿಕ್ಕಿದಳು. ತನ್ನ ಬದುಕೇ ಮುಳುಗಿರುವಾಗ ಇವನು ಯೋಚಿಸಿದ್ದು ಇದನ್ನಾ?

"ಪಾಪ ಅಂತ ಅಲ್ಲ" ಎಂದಳು, ಅಳುತ್ತಲೇ. "ಯಾವತ್ತೂ ಪಾಪ ಅಂತ ಆಗಿರ್ಲಿಲ್ಲ!"

ಅವನು ಹುಬ್ಬು ಗಂಟಿಕ್ಕಿದ. "ಮಾಮ ಅಂತ ಅಲ್ವಾ? ಯಾವ ಮಾಮ?"

ತುಟಿಯ ಮೇಲೆ ಎರಡೂ ಒಂದೇ! ಅಳುವಿನ ಮಧ್ಯೆಯೇ ಅವಳಿಗೆ ನಗು ಉಕ್ಕಿತು. ಅವನ ತೋಳು ಹಿಡಿದು, ಕಿಟಕಿಯ ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ನಿಂತು, ಒಂದೊಂದೇ ಪದ ಬಿಡಿಸಿ ಹೇಳಿದಳು.

"ದೊಡ್ಡಪ್ಪನ ಹತ್ರ ನಾಚಿಕೆಗೆ ಸುಳ್ಳು ಹೇಳಿದೆ. ನನಗೆ ನೀವು ಬೇಕು. ಅಷ್ಟೇ."

ಅವನು ಅವಳ ತುಟಿಯನ್ನೇ ನೋಡುತ್ತಿದ್ದ.

"ಇನ್ನೊಂದು ಸಲ."

"ನೀವು. ಬೇಕು."

"ಕೆಲಸ ಇಲ್ಲ. ಕಿವಿ ಇಲ್ಲ. ಇನ್ನು ಯಾವತ್ತೂ ಬರಲ್ಲ, ಗೊತ್ತಲ್ವಾ?"

"ಗೊತ್ತು. ಬರೆದವಳೇ ನಾನು."

ಅವನು ಅವಳ ಎರಡೂ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡ. ಆ ಒರಟು ಅಂಗೈಗಳು ತಣ್ಣಗಿದ್ದವು. ಹೊರಗೆ ಬೀದಿಯಲ್ಲಿ ಯಾವುದೋ ಲಾರಿ ಕಿವಿಗಡಚಿಕ್ಕುವಂತೆ ಹಾರ್ನ್ ಹೊಡೆಯಿತು. ಅವನ ಕಣ್ಣೆವೆಯೂ ಅಲುಗಲಿಲ್ಲ.

"ನನ್ನ ದನಿ... ಮರೆತುಹೋಗುತ್ತಾ?"

"ಹೋಗುತ್ತೆ" ಎಂದ, ಮುಚ್ಚುಮರೆಯಿಲ್ಲದೆ. "ಜ್ವರ ಬಂದ ಮೇಲೆ ಅಮ್ಮನ ದನಿ ಎರಡು ವರ್ಷಕ್ಕೆ ಹೋಯ್ತು. ನಿಂದೂ ಹೋಗುತ್ತೆ."

ಮೊದಲ ಬಾರಿಗೆ ಅವನು 'ನಿಂದು' ಎಂದಿದ್ದ.

"ಹಾಗಾದ್ರೆ ಏನು ಮಾಡೋದು?"

"ಮಾತಾಡ್ತಾ ಇರು. ನಾನು ನೋಡ್ತಾ ಇರ್ತೀನಿ."

"ಏನಂತ ಮಾತಾಡ್ಲಿ?"

"ಊಟ ಆಯ್ತಾ ಹೇಳು. ಅಲ್ಲಿಂದ ಶುರು ಮಾಡು."

"ಇಲ್ಲ... ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಈ ಸಲ ಅವನು ಮೊದಲನೆಯ ಬಾರಿಗೇ ಅರ್ಥ ಮಾಡಿಕೊಂಡ. ಅವಳ ಕೈ ಬಿಡದೆಯೇ, ಕಿಟಕಿ ಗಾಜು ಅದುರುವಷ್ಟು ಜೋರಾಗಿ ಕೂಗಿದ.

"ಅಕ್ಕಾ! ಇನ್ನೊಂದು ತಟ್ಟೆ ಹಾಕು!"