ಚಿಟ್ಟೆಗೆ ಬರೆದ ಉತ್ತರ

ಮುಲುಂಡ್ ಸ್ಟೇಷನ್ನಿನಿಂದ ಲೋಕಲ್ ಹೊರಟಿತ್ತು. ಲೇಡೀಸ್ ಡಬ್ಬಿಯ ಬಾಗಿಲಲ್ಲಿ ಕಂಬ ಹಿಡಿದು ನಿಂತ ಯಕ್ಷಿತಾ ಪ್ಲಾಟ್‌ಫಾರ್ಮಿನ ಕಡೆ ಬಾಗಿ ಕೂಗಿದಳು.

“ಶರಣ್, ಇವತ್ತು ನಿಮಗೊಂದು ಚಿಟ್ಟೆ ಕಳಿಸ್ತೇನೆ. ಹದಿನೈದು ದಿನದಿಂದ ಇಟ್ಟುಕೊಂಡು ಕೂತಿದ್ದೇನೆ, ಯಾರಿಗೂ ತೋರಿಸಲಿಲ್ಲ. ನೀವೇ ನೋಡಿ ಹೌದೋ ಅಲ್ಲವೋ ಹೇಳಬೇಕು.”

ಗಾಡಿ ಅವಳನ್ನು ಭಾಂಡುಪ್ ಕಡೆಗೆ ಒಯ್ದುಬಿಟ್ಟಿತು. ಶರಣ ನಿಂತಲ್ಲೇ ನಿಂತ. ಜನ ಅವನನ್ನು ಆಚೀಚೆ ತಳ್ಳಿಕೊಂಡು ಹೋದರು.

ಚಿಟ್ಟಿ. ಅವಳು ನನಗೆ ಚಿಟ್ಟಿ ಬರೆದಿದ್ದಾಳೆ. ಹದಿನೈದು ದಿನದಿಂದ ಇಟ್ಟುಕೊಂಡಿದ್ದಾಳೆ.

ಅವನ ತಪ್ಪೂ ಅಲ್ಲ. ಮನೆಯವರು ವಿಜಯಪುರದ ಕಡೆಯವರು. ಅವನು ಹುಟ್ಟಿದ್ದು ಮುಲುಂಡಿನಲ್ಲಿ, ಓದಿದ್ದು ಮರಾಠಿ ಶಾಲೆಯಲ್ಲಿ. ಅವನ ಕನ್ನಡವೆಲ್ಲ ಅವ್ವ ಕಾಶವ್ವನ ಬಾಯಿಂದ ಬಂದದ್ದು. ಬೆಳಿಗ್ಗೆ ಅವಳು ಪೂಜೆಗೆ ಕೂತು ವಚನ ಹೇಳುವಾಗ ಗೋಡೆಗೊರಗಿ ಕೇಳುತ್ತ ದೊಡ್ಡವನಾದವನು. ಆಡುವುದಕ್ಕಿಂತ ಕೇಳುವುದೇ ಅವನಿಗೆ ಹಗುರ. ಅಂಥ ಕಿವಿಯೇ ಆ ದಿನ ಕೈಕೊಟ್ಟಿತು.

ಪ್ರತಿ ಭಾನುವಾರ ಚಿಟ್ಟೆ ತೋರಿಸಲು ಕಾಡಂಚಿನ ದಾರಿಯಲ್ಲಿ ಏಳೆಂಟು ಜನರನ್ನು ನಡೆಸಿಕೊಂಡು ಹೋಗುವವರು ರಿಟೈರ್ಡ್ ಮೇಷ್ಟ್ರು ಸದಾನಂದ ಸರ್. ಅವರು ಚಿಟ್ಟೆಗೆ ಹೇಳುವುದು ಮರಾಠಿಯಲ್ಲಿ ಫುಲ್‌ಪಾಖರು, ಇಂಗ್ಲಿಷಿನಲ್ಲಿ ಬಟರ್‌ಫ್ಲೈ. ಗುಂಪಿನಲ್ಲಿ ಕನ್ನಡ ಹೆಸರು ಹೇಳುವ ಪ್ರಸಂಗವೇ ಬಂದಿರಲಿಲ್ಲ. ಮೂರು ತಿಂಗಳ ಹಿಂದೆ ಎಕ್ಕದ ಗಿಡದ ಮುಂದೆ ಶರಣ ಮೊಣಕಾಲೂರಿದ್ದ. ಎಲೆಯ ಅಡಿಗೆ ಕಪ್ಪು, ಹಳದಿ, ಬಿಳಿ ಪಟ್ಟೆಯ ಕಂಬಳಿಹುಳು ಮೇಯುತ್ತಿತ್ತು. ಎಲೆಯ ಆ ಬದಿಯಿಂದ ಎರಡು ಕಣ್ಣು ಇಣುಕಿದವು.

“ಎಂತ ನೋಡ್ತಿದ್ದೀರಿ ಮಾರಾಯ್ರೆ, ಅಷ್ಟು ಭಕ್ತಿಯಿಂದ?”

ಕಂಬಳಿಹುಳು ಎಲೆ ಮುಗಿಸಿತು. ಎಲೆ ಹೋದ ಜಾಗದಲ್ಲಿ ಯಕ್ಷಿತಾಳ ಇಡೀ ಮುಖ ಇತ್ತು, ಮೂಗಿನ ತುದಿಯಲ್ಲಿ ಒಂದು ಹನಿ ಬೆವರು. ಅಂದಿನಿಂದ ಕಾಡಿನ ಯಾವ ಪ್ರಾಣಿಯನ್ನೂ ಶರಣ ಸರಿಯಾಗಿ ನೋಡಿದ್ದಿಲ್ಲ.

ಗಾಡಿ ಹೋದ ಮೇಲೆ ಅವನಿಗೆ ಮನೆಗೆ ಹೋಗುವಷ್ಟೂ ತಾಳ್ಮೆ ಉಳಿಯಲಿಲ್ಲ. ಸ್ಟೇಷನ್ ಸೇತುವೆಯ ಮೆಟ್ಟಿಲ ಮೇಲೆ ಕೂತು, ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ತನ್ನ ಮನೆಯ ಕನ್ನಡ ಬರೆದ: “ಚಿಟ್ಟಿ ಕಳಿಸೋದು ಬ್ಯಾಡ್ರಿ. ಓದದೇನ ಹೇಳ್ತೀನಿ, ನನ್ನ ಉತ್ತರ ಹೌದು. ಮೂರು ತಿಂಗಳಾತು, ನಾ ಪಾತರಗಿತ್ತಿ ನೋಡಾಕ ಬರಾಕತ್ತಿಲ್ಲ. ನಿಮ್ಮನ್ನ ನೋಡಾಕ ಬರಾಕತ್ತೀನಿ.”

ಎರಡು ನೀಲಿ ಟಿಕ್ ಮೂಡಿದವು. ಓದಿದಳು. ಆಮೇಲೆ ಒಂದು ಫೋಟೋ ಬಂತು: ಬಾಲ್ಕನಿಯ ಗೋಡೆ, ಅದರ ಮೇಲೆ ಒಣ ಎಲೆಯಂಥದ್ದೊಂದು ಕಂದು ಕಂದಾದ ಮಸುಕು. ಕೆಳಗೆ, “ಈ ಚಿಟ್ಟೆ. ಓಕ್‌ಲೀಫ್ ಹೌದೋ ಅಲ್ಲವೋ?” ಅದರ ನಂತರ ಏನೂ ಬರಲಿಲ್ಲ.

“ಅವ್ವ, ಚಿಟ್ಟೆ ಅಂದ್ರ ಏನು?” ಮನೆ ಹೊಕ್ಕವನೇ ಕೇಳಿದ.

ಕಾಶವ್ವ ರೊಟ್ಟಿ ಬಡಿಯುತ್ತಿದ್ದಳು. “ಪಾತರಗಿತ್ತಿಗೆ ಮಂಗಳೂರ ಕಡೆ ಮಂದಿ ಹಂಗಂತಾರ. ಪ್ರತಿ ವಾರ ನೋಡಾಕ ಹೋಗ್ತಿ, ಇಷ್ಟೂ ಗೊತ್ತಿಲ್ಲೇನ?”

ಶರಣ ಫೋನ್ ತೆಗೆದು ತಾನು ಬರೆದದ್ದನ್ನು ಮತ್ತೊಮ್ಮೆ ಓದಿದ.

ಸೋಮವಾರ ಹೋಯಿತು, ಮಂಗಳವಾರ ಹೋಯಿತು. ಅವಳಿಂದ ಒಂದಕ್ಷರವಿಲ್ಲ. ಮೆಸೇಜ್ ಅಳಿಸಲು ಬೆರಳು ಎರಡು ಸಲ ಹೋಗಿ ಎರಡು ಸಲವೂ ಹಿಂದೆ ಬಂತು. ಎದುರಿಗೆ ನಿಂತು ಅವಳು ಒಂದು ಸಲ ‘ಇಲ್ಲ’ ಎಂದರೆ ಆ ದಾರಿ, ಆ ಭಾನುವಾರ, ಆ ‘ಮಾರಾಯ್ರೆ’, ಎಲ್ಲ ಮುಗಿದಂತೆ. ಶನಿವಾರ ಸಂಜೆ ಅವ್ವನಿಗೆ ಎಲ್ಲ ಹೇಳಿ, ನಾಳೆ ನಾ ಹೋಗೂದಿಲ್ಲ ಎಂದ.

“ನೀ ಬರದದ್ದು ಖರೇನೋ ಸುಳ್ಳೋ?”

“ಖರೇ.”

“ಮತ್ತ ಮಾರಿ ಯಾಕ ಮುಚ್ಕೊಂತಿ? ಅಕಿ ಬ್ಯಾಡ ಅಂದ್ರ ಮರಳಿ ಬಾ, ಜ್ವಾಳದ ರೊಟ್ಟಿ ಇರ್ತಾವ. ಕೇಳದನ ಉಳದ್ರ ನನ್ನ ಮುಂದ ಅಳಬ್ಯಾಡ.”

ಭಾನುವಾರ ಅವನು ಹೋದ.

ಯಕ್ಷಿತಾ ಎಲ್ಲರಿಗಿಂತ ಮುಂದಿದ್ದಳು, ಸದಾನಂದ ಸರ್ ಪಕ್ಕದಲ್ಲೇ. ಅವನನ್ನು ನೋಡಲಿಲ್ಲ. ಮರದ ತುದಿಯಲ್ಲಿ ಕೆಂಪಿರುವೆಗಳು ಎಲೆ ಹೊಲಿದು ಗೂಡು ಕಟ್ಟಿದ್ದನ್ನು ನೋಡಿದಳು, ದೂರದಲ್ಲಿ ಟುಕ್ ಟುಕ್ ಎನ್ನುತ್ತಿದ್ದ ಕಂಚುಗಾರ ಹಕ್ಕಿಗೆ ಕಿವಿಗೊಟ್ಟಳು, ಎರಡು ಬಿದಿರಿನ ನಡುವೆ ಬಲೆ ಹಾಕಿದ ಜೇಡವನ್ನು ಹತ್ತು ನಿಮಿಷ ನೋಡಿದಳು. ಕತ್ತು ಹೊರಳಿದರೂ ನೋಟ ಶರಣನ ಭುಜದವರೆಗೆ ಬಂದು, ಮುಖದ ಹತ್ತಿರ ತಡೆದು, ಹಿಂದಿರುಗಿಬಿಡುತ್ತಿತ್ತು.

ಹಳ್ಳದ ಬಳಿ ಒದ್ದೆ ಮಣ್ಣಿನ ಮೇಲೆ ಹಳದಿ ಚಿಟ್ಟೆಗಳು ಸಾಲಾಗಿ ಕೂತು ನೀರು ಹೀರುತ್ತಿದ್ದವು. ಗುಂಪು ಫೋಟೋ ಹೊಡೆದುಕೊಂಡು ಮುಂದೆ ಹೋಯಿತು, ಶರಣ ಹಿಂದೆ ಉಳಿದ. ಅವಳು ಶೂಸಿನ ಲೇಸ್ ಬಿಚ್ಚಿ ಮತ್ತೆ ಕಟ್ಟಿದಳು. ಮತ್ತೆ ಬಿಚ್ಚಿದಳು.

“ನಾನು ಕೇಳಿದ್ದಕ್ಕೆ ನೀವು ಉತ್ತರವೇ ಕೊಡಲಿಲ್ಲ,” ಎಂದಳು, ಲೇಸ್ ನೋಡುತ್ತಲೇ.

“ಯಾವುದಕ್ರಿ?”

“ಫೋಟೋ. ಓಕ್‌ಲೀಫ್ ಹೌದೋ ಅಲ್ಲವೋ?”

“ಅಲ್ರಿ. ಈವ್ನಿಂಗ್ ಬ್ರೌನ್ ಅನ್ನೂ ಜಾತಿ ಅದು.”

“ಅಯ್ಯೋ ದೇವರೇ. ನೋಡದೆ ಹೌದು ಅಂದಿರಿ, ನೋಡಿದ ಮೇಲೆ ಅಲ್ಲ ಅಂತೀರಿ. ನಿಮ್ಮ ಯಾವ ಮಾತು ನಂಬಬೇಕು ನಾನು?”

“ಎರಡೂ ನಂಬ್ರಿ. ಹೌದು ನಿಮಗ, ಅಲ್ಲ ಚಿಟ್ಟೆಗೆ.”

ಅವಳ ಬೆರಳು ಲೇಸಿನಲ್ಲೇ ನಿಂತವು. ಈಗ ತಲೆ ಎತ್ತಿದಳು. ನೋಟ ಭುಜ ದಾಟಿತು, ಗಲ್ಲ ದಾಟಿತು, ನೇರ ಕಣ್ಣಿಗೆ ಬಂದು ಕೂತಿತು.

“ಮೂರು ರಾತ್ರಿ ನಾನು ನಿದ್ದೆ ಮಾಡಲಿಲ್ಲ, ಗೊತ್ತುಂಟಾ? ಎದ್ದು ಎದ್ದು ಫೋನ್ ನೋಡ್ತಿದ್ದೆ. ತಪ್ಪಾಗಿ ಬರೆದವರು ಡಿಲೀಟ್ ಮಾಡ್ತಾರಲ್ಲ. ನಿಮ್ಮದು ಈಗ ಹೋಯಿತು, ಇನ್ನೇನು ಹೋಯಿತು ಅಂತ. ಡಿಲೀಟ್ ಮಾಡುವ ಗಡುವು ದಾಟಿ ಬುಧವಾರ ಬೆಳಿಗ್ಗೆಯೂ ಇತ್ತು.”

“ತಿಳಕೊಂಡಿದ್ದು ತಪ್ಪುರಿ. ಬರದದ್ದು ತಪ್ಪಲ್ಲ. ಅಳಸಾಕ ಆಗಲಿಲ್ಲ.”

“ಮತ್ತೆ ಫೋನ್ ಯಾಕೆ ಮಾಡಲಿಲ್ಲ?”

“ಅಂಜಿಕಿ ಬಂತ್ರಿ. ನೀವು ಯಾಕ ಮಾಡಲಿಲ್ಲ?”

“ನನಗೆ ಅಂಜಿಕೆ ಬರಬಾರದಾ?” ಎಂದವಳು ನಕ್ಕುಬಿಟ್ಟಳು. ಹಳದಿ ಸಾಲೆಲ್ಲ ಒಮ್ಮೆಲೇ ಎದ್ದು ಇಬ್ಬರ ನಡುವೆ ಹಾರಿತು. “ನನ್ನದೂ ಹೌದು, ಶರಣ್. ನಾನೂ ಚಿಟ್ಟೆ ನೋಡಲು ಬರುವುದು ಬಿಟ್ಟು ಎರಡು ತಿಂಗಳಾಯಿತು. ಈವ್ನಿಂಗ್ ಬ್ರೌನ್ ಯಾವುದು ಅಂತ ನನಗೆ ಗೊತ್ತಿಲ್ಲವಾ? ಭಾನುವಾರದವರೆಗೆ ಕಾಯದೆ ಮಾತಾಡಲು ಒಂದು ನೆಪ ಬೇಕಿತ್ತು.”

ಶರಣ ಕೈ ಚಾಚಿದ. ಅವಳು ಆ ಕೈ ಹಿಡಿದೇ ಎದ್ದಳು, ಎದ್ದ ಮೇಲೂ ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಫೋನ್ ತೆಗೆದು ಯಾರಿಗೋ ಹಚ್ಚಿ ತುಳುವಿನಲ್ಲಿ ಗಡಗಡ ಮಾತಾಡಿದಳು. ಒಂದು ಪದವೂ ತಿಳಿಯದ ಮಾತಿನಲ್ಲಿ ತನ್ನ ಹೆಸರು ಎರಡು ಸಲ ಬಂದದ್ದು ಮಾತ್ರ ಅವನಿಗೆ ಕೇಳಿಸಿತು.

“ಅಮ್ಮ. ಮಾತಾಡಿ,” ಎಂದು ಫೋನನ್ನು ಅವನ ಕಿವಿಗೇ ಒತ್ತಿದಳು.

“ನಮಸ್ಕಾರ್ರಿ.”

“ನಮಸ್ಕಾರ. ನೀವು ಮೀನು ತಿಂತೀರಾ?”

ಯಕ್ಷಿತಾ ತುಟಿ ಕಚ್ಚಿ ಕಾದಳು. ಶರಣ ಕಣ್ಣು ಮುಚ್ಚಿ ತೆರೆದ.

“ತಿನ್ನೂದಿಲ್ರಿ. ನಿಮ್ಮ ಮಗಳು ತಿನ್ನುವಾಗ ಬಾಜೂಕ ಕುಂದರ್ತೀನಿ.”

ಆ ಕಡೆ ಕುಕ್ಕರಿನ ಸದ್ದನ್ನೂ ಮೀರಿಸಿದ ಒಂದು ದೊಡ್ಡ ನಗು.

“ಹಾಗಾದರೆ ಇವತ್ತೇ ಊಟಕ್ಕೆ ಬನ್ನಿ. ನಿಮಗೆ ಬೇರೆ ಪಾತ್ರೆಯಲ್ಲಿ ಹೀರೆಕಾಯಿ ಮಾಡ್ತೇನೆ.”