ಕಿವಿ ಮಾತ್ರ ಇದ್ದ ಸವತಿ

"ಉ... ಉ..."

"ಉಬ್ಬಸಾನಾ? ಎಷ್ಟು ದಿನದಿಂದ?" ನರ್ಸ್ ಕೇಳಿದಳು.

ಅಲ್ಲವೆಂದು ಬಡಗಿ ತಲೆಯಾಡಿಸಿದ. ಆ ಗಡಿಬಿಡಿಯಲ್ಲಿ ಅವನ ಜೇಬಿನ ಪೆನ್ಸಿಲ್ ಜಾರಿ ಬಿತ್ತು. ನರ್ಸ್ ಮತ್ತು ಅವನು ಒಟ್ಟಿಗೇ ಬಗ್ಗಿದರು. ಅಷ್ಟು ಹತ್ತಿರದಿಂದ ಅವನ ಕಣ್ಣು ಕಂಡಾಗ ಅವಳ ಎದೆ ಯಾಕೋ ಧಸಕ್ಕೆಂದಿತು!

"ಉ-ಉಸಿರಿನ ಧ್ಯಾನ ಕಲೀಬೇಕು. ಮ... ಮನಸ್ಸು..."

"ಮನಸ್ಸು ಒಂದು ಕಡೆ ನಿಲ್ಲಬೇಕು, ಅಷ್ಟೇ ತಾನೆ? ನಾಳೆ ಬೆಳಿಗ್ಗೆ ಬನ್ನಿ."

ಆಸ್ಪತ್ರೆಯ ವರಾಂಡದಲ್ಲಿ ಬಿಪಿ ಇದ್ದವರಿಗೆ ಅವಳು ದಿನವೂ ಧ್ಯಾನ ಹೇಳಿಕೊಡುತ್ತಿದ್ದಳು. ಅವನು ಕೊನೆಯ ಸಾಲಿನಲ್ಲಿ ಕೂತು ಒಂದರಿಂದ ಹತ್ತರವರೆಗೆ ಉಸಿರೆಣಿಸುತ್ತಿದ್ದ; ತಪ್ಪಿದರೆ ಮತ್ತೆ ಒಂದರಿಂದ. ಎರಡು ತಿಂಗಳಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ಮರದ ಹೊಟ್ಟು ಅಂಟಿದ ಅವನ ಅಂಗಿ ಗೇಟಿನಲ್ಲಿ ಕಾಣುವವರೆಗೆ ಅವಳೂ ಶುರುಮಾಡುತ್ತಿರಲಿಲ್ಲ.

"ಬಿಪಿ ಅವನಿಗಲ್ಲ ಕಣೇ, ನಿನಗೇ ಏರ್ತಿದೆ," ಎಂದು ಮನೆಯಲ್ಲಿ ಅವಳ ಅತ್ತಿಗೆ ಛೇಡಿಸಿದಳು.

ನನಗಾಗಿಯೇ ಬರುತ್ತಾನೆ... ಎಂದು ಅವಳು ನಂಬಿಬಿಟ್ಟಿದ್ದಳು.

ಒಂದು ಸಂಜೆ ಆಸ್ಪತ್ರೆಯ ಮುರಿದ ಸ್ಟೂಲು ಹಿಡಿದು ಅವನ ಶೆಡ್ಡಿಗೆ ಹೋದಳು. ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಅವನು ಯಾರೊಂದಿಗೋ ಮಾತಾಡುತ್ತಿದ್ದ. ಒಂದು ಅಕ್ಷರವೂ ಎಡವದೆ!

"ಇವತ್ತು ಚೌಕಟ್ಟು ಕೂರಿಸಿಬಿಟ್ಟೆ. ಕೂದಲೆಳೆಯಷ್ಟೂ ವಾಲಿಲ್ಲ. ನೀನು ಪಕ್ಕದಲ್ಲಿದ್ರೆ ನನ್ನ ನಾಲಿಗೆ ಎಷ್ಟು ಸಲೀಸು ನೋಡು."

'ನೀನು' ಅಂತೆ! ಹೊಟ್ಟೆಗೆ ಬೆಂಕಿ ಬಿದ್ದಂತಾಗಿ ಬಾಗಿಲು ತಳ್ಳಿದಳು. ಅವನು ಕಣ್ಣು ಮುಚ್ಚಿ ಕೂತಿದ್ದ. ಎದುರಿಗೊಂದು ಖಾಲಿ ಮಣೆ. ಬೇರೆ ಯಾರೂ ಇಲ್ಲ.

"ಯಾರವಳು? ಎಲ್ಲಿ ಬಚ್ಚಿಟ್ಟಿದ್ದೀರಿ?"

ಅವನು ತಡವರಿಸುತ್ತಾ ಹೇಳಿದ. ಅದಕ್ಕೆ ತುಲ್ಪಾ ಎನ್ನುತ್ತಾರಂತೆ. ದಿನವೂ ಕೂತು, ಮನಸ್ಸಿನೊಳಗೇ ಒಬ್ಬ ಜೊತೆಗಾತಿಯನ್ನು ಚೂರುಚೂರಾಗಿ ಕಟ್ಟಿಕೊಳ್ಳುವುದು. ಅವಳೇ ತಾನಾಗಿ ಉತ್ತರ ಕೊಡುವವರೆಗೆ. ಮನಸ್ಸು ಅತ್ತಿತ್ತ ಹರಿದರೆ ಕಟ್ಟಿದ್ದೆಲ್ಲ ಕರಗುತ್ತದೆ. ಧ್ಯಾನ ಬೇಕಾಗಿದ್ದು ಅದಕ್ಕೆ.

ಅಂದರೆ ಎರಡು ತಿಂಗಳು ಉಸಿರೆಣಿಸಲು ಕಲಿಸಿ ಸವತಿಯನ್ನು ಕಟ್ಟಿಕೊಟ್ಟವಳು ನಾನೇ!

ಇದ್ದವಳಾದರೆ ಜಡೆ ಹಿಡಿದು ಜಗಳವಾಡಬಹುದು. ಇಲ್ಲದವಳನ್ನು ಏನು ಮಾಡುವುದು?

"ಹೇಗಿದ್ದಾಳೆ? ಚೆಂದಾನಾ?"

"ಮುಖ ಇನ್ನೂ ಆ..."

"ಆಗಿಲ್ವಾ?"

"ಕಿ..."

"ಕಿರುಬೆರಳು ಆಯ್ತಾ?"

"ಕಿವಿ!" ಎಂದ ಅವನು, ಸೋತವನಂತೆ ನಗುತ್ತಾ. "ಮೊದಲು ಕಿ-ಕಿವಿ ಮಾಡ್ದೆ. ಅವಳು ನಾನು ಮುಗಿಸೋತನಕ ಕಾ... ಕಾಯ್ತಾಳೆ. ನೀವು ಬಿಡೋದೇ ಇಲ್ಲ."

ಕೆನ್ನೆಗೆ ಹೊಡೆದಂತಾಯಿತು. ಅವನ ಪಾಡು ನೋಡಲಾರದೆ ಮಾತು ಮುಗಿಸಿಕೊಡುವುದನ್ನು ಅವಳು ಉಪಕಾರವೆಂದೇ ತಿಳಿದಿದ್ದಳು.

ಸ್ಟೂಲನ್ನು ಗೋಡೆಗೊರಗಿಸಿ, ದಿಮ್ಮಿಯೊಂದರ ಮೇಲೆ ಕೂತಳು.

"ಅವಳ ಹತ್ರ ದಿನಾ ಏನು ಹೇಳ್ತೀರಿ?"

"ನಿ... ನಿ..."

ಪದ ಅವಳ ನಾಲಿಗೆಯ ತುದಿಗೇ ಬಂದಿತ್ತು. ತುಟಿ ಕಚ್ಚಿ ತಡೆದಳು. ಅವನ ಕುತ್ತಿಗೆಯ ನರ ಉಬ್ಬಿತು. ಹೊರಗೆ ಮೇಯ್ದು ಮರಳುತ್ತಿದ್ದ ಹಸುಗಳು ಒಂದೊಂದಾಗಿ ಹಾದುಹೋದವು. ಅವಳು ಕಾದಳು.

"ನಿಮಗೆ ಹೇಳಬೇಕಾದ್ದನ್ನ. ಅ-ಅಭ್ಯಾಸ ಮಾಡ್ತೀನಿ. ನೀವಂದ್ರೆ ನನಗೆ ಪ್ರಾ... ಪ್ರಾ..."

"ಹೇಳಿ. ನನಗೇನೂ ಅವಸರ ಇಲ್ಲ."

"ಪ್ರಾಣ."

ಅವಳ ಕಣ್ಣು ತುಂಬಿ ಬಂತು. ಆದರೂ ಕಿಚ್ಚು ಪೂರ್ತಿ ಆರಿರಲಿಲ್ಲ. ಖಾಲಿ ಮಣೆಯನ್ನೊಮ್ಮೆ ಓರೆಗಣ್ಣಿನಿಂದ ನೋಡಿದಳು.

"ಈಗ ಅವಳು ಏನಂತಾಳೆ?"

ಅವನು ಕಣ್ಣು ಮುಚ್ಚಲಿಲ್ಲ. ನರ್ಸನ್ನೇ ನೋಡುತ್ತಿದ್ದ.

"ಗೊ... ಗೊತ್ತಿಲ್ಲ. ಅವಳ ಕಡೆ ಮನಸ್ಸು ನಿ... ನಿಲ್ತಾನೇ ಇಲ್ಲ."